ಟೈರಿನ ಬಿಲ್ಲಿನ ಹಿಂಬದಿ

ಕಾಟನ್‌ಪೇಟೆಯ ಇನಾಯತ್ ಭಾಯಿ
ದಾರಿ ಹೇಳುವುದಿಲ್ಲ, ಬರೆದುಕೊಡುತ್ತಾರೆ:
ಎರಡು ಟೈರು, ಒಂದು ಟ್ಯೂಬು, ನಾಲ್ಕು ಬ್ರೇಕ್ ರಬ್ಬರಿನ
ಲೆಕ್ಕದ ಹಿಂಬದಿಗೆ,
ಕಿವಿಗೆ ಸಿಕ್ಕಿಸಿದ ಮೊಂಡು ಪೆನ್ಸಿಲಿನಲ್ಲಿ,
ಕೆಂಗೇರಿ ದಾಟಿದ ಮೇಲಿನ ಲೋಕ.

ಕಿಲೋಮೀಟರಿಲ್ಲ. ಒಂದು ಗೆರೆ.
ಗೆರೆಯ ಪಕ್ಕ ಸಣ್ಣ ಸಣ್ಣ ಮಾತು.
ಇಲ್ಲಿ ನಾಯಿ. ಬೈಬೇಡ, ತುಳಿ.
ಇಲ್ಲಿ ನೀರು. ನಲ್ಲಿ ಉಲ್ಟಾ ತಿರುಗುತ್ತೆ.
ಇಲ್ಲಿ ಏರು ಸುಳ್ಳು ಹೇಳುತ್ತೆ:
ಮುಗೀತು ಅನ್ನುತ್ತೆ, ಮುಗಿದಿರಲ್ಲ.
ಇಲ್ಲಿ ಹುಣಸೆಮರ. ಇಳಿ. ಕೂರು.

ಭಾಯಿ ಈಗ ತುಳಿಯುವುದಿಲ್ಲ.
ಮಂಡಿಯೊಳಗೆ ಸ್ಟೀಲು ಕೂರಿಸಿದ್ದಾರೆ.
"ಬೇರಿಂಗ್ ಹೊಸದು, ಫ್ರೇಮು ಹಳೇದು" ಅಂತ
ತೊಡೆ ತಟ್ಟಿಕೊಂಡು ನಗುತ್ತಾರೆ.
"ಹೋಗಿ ಬಂದು ಹೇಳು. ಫೋಟೋ ಮಾತ್ರ ತೋರಿಸಬೇಡ,
ಫೋಟೋದಲ್ಲಿ ಎಂಥಾ ಏರೂ ಚಪ್ಪಟೆ."

ನಾಯಂಡಹಳ್ಳಿ ಸಿಗ್ನಲ್ಲು ಬೆಳಗಿನ ಐದಕ್ಕೆ
ಯಾರೂ ಇಲ್ಲದ ರಸ್ತೆಗೆ ಕೆಂಪು ತೋರಿಸುತ್ತಿತ್ತು.
ನಿಂತೆ. ಒಬ್ಬಳೇ ನಿಂತದ್ದಕ್ಕೆ ನಗು ಬಂತು.
ಮೆಟ್ರೋ ಕಂಬ ಒಂದೊಂದೇ ಹಿಂದೆ ಬಿದ್ದವು.

ಊರು ಮುಗಿದದ್ದು ಕಣ್ಣಿಗೆ ತಿಳಿಯುವುದಿಲ್ಲ,
ಬೋರ್ಡುಗಳು, ಸೈಟು ಮಾರುವ ನಗುಮುಖಗಳು
ರಾಮೋಹಳ್ಳಿಯ ಆಚೆಗೂ ಬರುತ್ತವೆ.
ಮೂಗಿಗೆ ತಿಳಿಯುತ್ತದೆ:
ಡೀಸೆಲ್ ಹೋಗಿ ಸಗಣಿ,
ಸಗಣಿ ಹೋಗಿ ಇಬ್ಬನಿ ನೆಂದ ಹಿಪ್ಪುನೇರಳೆ ಸೊಪ್ಪು.
ಆಮೇಲೆ ಏನೂ ಇಲ್ಲ, ಬರೀ ಚಳಿ.

ದೊಡ್ಡಾಲದ ಮರದಿಂದ ಮುಂದೆ
ರಸ್ತೆ ತುಂಬ ಹುರುಳಿ ಹರಡಿದ್ದರು.
ಹುಲ್ಲಿನ ಮೇಲೆ ಚಕ್ರ ಜಾರಿ, ಬಿದ್ದೆನೋ ಎಂಬಷ್ಟರಲ್ಲಿ
ಮೋಟುಪೊರಕೆ ಹಿಡಿದ ಹೆಂಗಸು ಕೂಗಿದಳು:
"ಅಯ್ಯೋ ಹೋಗಕ್ಕ, ನಿನ್ ಚಕ್ರ ಬಾಳ ತೆಳ್ಳಗೈತೆ,
ಒಂದು ಕಾಳೂ ಉದುರಾಕಿಲ್ಲ.
ಹಿಂದೆ ಲಾರಿ ಏನಾರ ಬತ್ತಾ ಐತಾ?"
ಇಪ್ಪತ್ತೆರಡು ಗೇರು, ಅರವತ್ತು ಸಾವಿರ ರೂಪಾಯಿ,
ಒಂದು ಕಾಳಿಗೂ ಬಾರದೆ
ತಲೆ ತಗ್ಗಿಸಿ ಹಾದುಹೋದೆ.

ನಾಯಿ ಇತ್ತು. ಬೈಯಲಿಲ್ಲ.
ನಲ್ಲಿ ಉಲ್ಟಾನೇ ತಿರುಗಿತು.
ಏರು ಸುಳ್ಳು ಹೇಳಿತು, ಗೊತ್ತಿದ್ದೂ ನಂಬಿದೆ.
ಎದೆ ಬಾಯಿಗೆ ಬಂದಾಗ
ಹಿಂದಿನ ಚಕ್ರ ನನಗಿಂತ ಮುದುಕಿ ಅನಿಸಿತು,
ಕಟಕಟ ಅಂತ ಏನೋ ಗೊಣಗುತ್ತ, ಆದರೂ ಬರುತ್ತ.

ಹುಣಸೆಮರದ ಜಾಗದಲ್ಲಿ
ಹೊಸ ಡಾಂಬರಿನ ಅಂಚು, ಬಿಳಿ ಗೆರೆ,
ಗೆರೆಯ ಆಚೆ ಮೊಣಕಾಲೆತ್ತರದ ಬುಡ.
ಬುಡದ ಮೇಲೆ ಬಣ್ಣದಲ್ಲಿ ಬರೆದ ನಂಬರು,
ಗರಗಸ ಅದನ್ನೂ ಅಡ್ಡಡ್ಡ ಕೊಯ್ದಿದೆ:
ಕಾಲುಗಳು ಉಳಿದಿವೆ, ತಲೆಗಳಿಲ್ಲ.
ಒಂದೋ, ಏಳೋ, ಹೇಳುವಂತಿಲ್ಲ.

ಇಳಿದೆ. ಬುಡದ ಮೇಲೇ ಕೂತೆ.
ದೂರದಲ್ಲಿ ಸಾವನದುರ್ಗ
ಈಗಷ್ಟೇ ಮಿಂದು ಬೆನ್ನು ಕೊಟ್ಟು ಕೂತವರ ಹಾಗೆ
ಮಂಜು ಆರಿಸಿಕೊಳ್ಳುತ್ತಿತ್ತು.
ಬಾಳೆಹಣ್ಣು ತಿಂದೆ. ಸಿಪ್ಪೆ ಜೇಬಿಗಿಟ್ಟೆ.

ಮಧ್ಯಾಹ್ನ ಅಂಗಡಿಯಲ್ಲಿ ಎಲ್ಲ ಹೇಳಿದೆ,
ಹುರುಳಿಯವಳ ಮಾತಿಗೆ ಭಾಯಿ ಕೆಮ್ಮುವಷ್ಟು ನಕ್ಕರು.
"ಹುಣಸೆಮರ?"
"ಇಳಿದೆ ಭಾಯಿ. ಕೂತೆ."
ಎರಡೂ ನಿಜ.
ಅವರು ರಿಮ್ಮು ತಿರುಗಿಸುತ್ತ, ತಂತಿ ಮೀಟುತ್ತ,
ನನ್ನ ಕಡೆ ನೋಡದೆ
"ನೂರ ಹದಿನೇಳು" ಅಂದರು.

ಹೌದು, ಏಳು.

ಆಮೇಲೆ ನನ್ನ ಸೈಕಲ್ಲನ್ನು ಬಗ್ಗಿ ನೋಡಿ,
ಹಿಂದಿನ ಬ್ರೇಕಿನ ರಬ್ಬರನ್ನು ಉಗುರಲ್ಲಿ ಕೆರೆದು,
"ಎಲ್ಲೋ ಹೆದರಿದ್ದೀಯ" ಅಂದರು.
"ಮಂಚನಬೆಲೆ ಇಳಿಜಾರು. ಎರಡನೇ ತಿರುವು."
"ಹಾಂ" ಅಂದರು ಭಾಯಿ, ಹೊಸ ರಬ್ಬರು ತೆಗೆಯುತ್ತ.
"ಅಲ್ಲಿ ನಾನೂ ಹಿಡೀತಿದ್ದೆ."