ರಸಮಟ್ಟ

ಬಾಳ್ಳುಪೇಟೆಯಾಚೆ, ತೋಟದ ಇಳಿಜಾರಿನಲ್ಲಿ
ಕ್ಯಾಮೆರಾದ ಮುಕ್ಕಾಲಿ ಊರಿದೆ.
ಅದರ ಕುತ್ತಿಗೆಯಲ್ಲೊಂದು ರಸಮಟ್ಟ;
ಗುಳ್ಳೆ ನಡುವಿಗೆ ಬರುವ ತನಕ
ಒಂದು ಕಾಲು ಗಿಡ್ಡ ಮಾಡಿದೆ, ಒಂದು ಉದ್ದ.
ನೆಲ ಓರೆ. ಚಿತ್ರ ನೆಟ್ಟಗೆ.

ಸಾಹುಕಾರರು ಬೆತ್ತದ ಕುರ್ಚಿಯಲ್ಲಿ ಹನ್ನೊಂದು ನಿಮಿಷ.
ಫಾರೆಸ್ಟರು, ಆನೆದಾರಿಯ ನಕ್ಷೆ ಬಿಡಿಸಿ, ಏಳು.
ಸಣ್ಣೀರಮ್ಮ ಲೈನ್ ಮನೆಯ ಹೊಸಿಲಲ್ಲಿ
ನಿಂತೇ ಇದ್ದಳು.
ಗಂಡ ತುಳಿತಕ್ಕೆ ಸಿಕ್ಕಿ ಹದಿನಾರು ದಿನ.

"ಎರಡೂ ಕಡೆಯವರನ್ನ ಕೇಳ್ತೀವಮ್ಮ"
ಅಂದರು ನಮ್ಮ ನಿರ್ದೇಶಕಿ, ಮೆತ್ತಗೆ.
"ನಾನ್ಯಾವ ಕಡೆ ಅವ್ವಾ?
ಆನೇದಾ, ತೋಟದ್ದಾ?"

ಆ ಮಾತು ಕತ್ತರಿಗೆ ಹೋಯಿತು:
ನಡುವೆ ಕೋಳಿ ಕೂಗಿತ್ತಂತೆ.
ಒಲೆಯ ಹೊಗೆಗೆ ಕಣ್ಣೊರೆಸಿಕೊಂಡದ್ದು ಮಾತ್ರ ಉಳಿಯಿತು,
ಎಂಟು ಸೆಕೆಂಡು, ಹಿಂದೆ ಕೊಳಲು.
ಕೆಳಗೆ ಹೆಸರಿಲ್ಲ, 'ಸಂತ್ರಸ್ತೆ' ಅಂತಷ್ಟೆ.
ಅಳುತ್ತಿರಲಿಲ್ಲ ಅವಳು. ನನಗೆ ಗೊತ್ತು,
ಫೋಕಸ್ ನನ್ನದೇ.

ಪ್ರಸಾರದ ರಾತ್ರಿ ಹಾಸನದಲ್ಲಿ,
ಬಸ್‌ಸ್ಟ್ಯಾಂಡಿನೆದುರು ಹೋಟೆಲಿನ ಟಿವಿಯಲ್ಲಿ ನೋಡಿದೆ.
"ಯಾರ ಪರಾನೂ ಇಲ್ಲ, ಚೆನ್ನಾಗಿ ತೆಗೆದಿದಾರೆ"
ಅಂದ ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವನು.
ಹೂಂ ಅಂದೆ.
ನಮ್ಮ ಮೇಜಿನ ಒಂದು ಕಾಲಿಗೆ
ಯಾರೋ ಪೇಪರು ಮಡಚಿ ಒತ್ತುಕೊಟ್ಟಿದ್ದರು.
ಆದರೂ ಸಾಂಬಾರು
ನನ್ನ ಕಡೆಗೇ ವಾಲುತ್ತಿತ್ತು.