ಐದನೇ ನಂಬರು

ಕಾಕಸಸ್ಸಿನ ಈ ಕಣಿವೆಯ ಪ್ರವಾಸಿ ನಕ್ಷೆಯಲ್ಲಿ
ಸೇತುವೆಗೆ ನಾಲ್ಕನೇ ನಂಬರು.
ಕಾರು ನಿಲ್ಲುವುದು ಅಲ್ಲೇ, ಸಿಯಾಲಾಳ ಹಲಗೆಯೆದುರು:
ದ್ರಾಕ್ಷಿಪಾಕದಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರ,
ಪ್ಲಾಸ್ಟಿಕ್ ಬಾಟಲಿಯಲ್ಲಿ ಮನೆಯ ವೈನು,
ಉಣ್ಣೆಯ ಕಾಲುಚೀಲ, ಎಲ್ಲಕ್ಕೂ ಒಂದೇ ಅಳತೆ.

"ಐದಕ್ಕೆ ಹೇಗೆ ಹೋಗುವುದು?"
ಇಪ್ಪತ್ತು ವರುಷದಿಂದ ಕೈಯೆತ್ತಿ ತೋರುತ್ತಾಳೆ:
ಎಡಕ್ಕೆ, ಮತ್ತೆ ಎಡಕ್ಕೆ, ಹಸು ಮಲಗಿದ್ದರೆ ಕಾಯಿರಿ,
ಹಾರ್ನಿಗೆಲ್ಲ ಅದು ಬಗ್ಗದು.
ತಾನು ಹೋದದ್ದಿಲ್ಲ. ಹಾಳು ಬುರುಜು ನೋಡಲು
ಆ ಏರು ಯಾರು ಹತ್ತುತ್ತಾರೆ, ಮಂಡಿ ಸವೆಸಿ?

ಹೋದ ವಾರ ಪೋಲೆಂಡಿನ ಗಂಡಹೆಂಡಿರು
ಎರಡು ಸಲ ದಾರಿ ತಪ್ಪಿ ಮರಳಿ
ಹಿಂಬಾಗಿಲು ತೆರೆದರು: ನೀವೇ ಹತ್ತಿ.
ಮಡಿಲಲ್ಲಿ ಚಿಲ್ಲರೆ ಡಬ್ಬ, ಎಂಜಿನ್ನಿನ ಏದುಸಿರು,
ಹನ್ನೊಂದು ತಿರುವು. ಎಣಿಸಿದಳು.

ಬುರುಜಿಗೆ ಬೆನ್ನು ಹಾಕಿ ನಿಂತಳು.
ಕೆಳಗೆ ಹೊಳೆ, ಬೆಂಕಿಕಡ್ಡಿಯಂಥ ಸೇತುವೆ,
ಅದರಾಚೆ ತನ್ನ ಮನೆ, ಅಂಗೈಯಲ್ಲಿ ಮುಚ್ಚುವಷ್ಟು.
ದೂರದ ಬೆಟ್ಟ ನುಣ್ಣಗಂತೆ. ದೂರದ ಮನೆ ಹಾಗಲ್ಲ:
ತಗಡಿನ ಮಾಡಿನ ಮೂಡಣ ಮೂಲೆಯಲ್ಲಿ
ತುಕ್ಕು ತಿಂದು ತೆರೆದ ಬಾಯಿ.
"ಅಯ್ಯೋ, ಇಷ್ಟು ವರುಷ ತೇಪೆ ಹಾಕಿದ್ದು
ಪಡುವಣಕ್ಕೆ!"
ಎಂದಳು ತನ್ನ ಭಾಷೆಯಲ್ಲಿ.
ಹೌದು ಹೌದು, ಬಲು ಸುಂದರ, ಎಂದು
ಅವರು ತಮ್ಮದರಲ್ಲಿ ತಲೆದೂಗಿದರು.

ಈ ವಾರ ಐದನೇ ನಂಬರಿನಿಂದ ತೆಗೆದ ಚಿತ್ರಗಳಲ್ಲೆಲ್ಲ
ಕೆಳಗೆ ಬಲಕ್ಕೆ, ಇರುವೆಯಷ್ಟು, ಒಬ್ಬ ಗಂಡಸು:
ಅಳಿಯ ಜ್ವಿಯಾದಿ, ಮಾಡಿನ ಮೇಲೆ,
ಬಾಯಲ್ಲಿ ಮೊಳೆ ಕಚ್ಚಿ,
ಸುತ್ತಿಗೆ ಎತ್ತಿಕೊಂಡು.