ಒಂದಕ್ಕೆ ಇಪ್ಪತ್ತೈದು

ಡಬ್ಬದ ಮೇಲಿನ ಚಿತ್ರದಲ್ಲಿ ಅದು ಬರೀ ಲಾರಿ.
ಕೆಂಪು ಮೂತಿ, ಕ್ರೋಮಿನ ಹಲ್ಲು,
ಹಿಂದೆ ದಿಮ್ಮಿ ಹೊರುವ ಬೋಳು ಬೆನ್ನು.
ನನ್ನ ಗಂಡ ತೈಸ್ತೊ ಮೂವತ್ತೊಂದು ವರ್ಷ
ಓಡಿಸಿದ್ದು ಇದರ ಅಪ್ಪನನ್ನು,
ನಿಪಿಗನ್ನಿನಿಂದ ಥಂಡರ್ ಬೇಗೆ,
ಥಂಡರ್ ಬೇಯಿಂದ ನಿಪಿಗನ್ನಿಗೆ.

"ಚಿತ್ರದಲ್ಲಿದ್ದ ಹಾಗೇ ಜೋಡಿಸಿದರಾಗದೆ?" ಎಂದೆ.
"ಹಾಗೆ ಜೋಡಿಸಿದ್ದನ್ನು ಓಡಿಸಿದ್ದಾಯಿತಲ್ಲ" ಅಂದ.
ಅಷ್ಟೇ. ಡಿಸೆಂಬರಿನಲ್ಲಿ
ಅವನ ಮಾತೂ ಕೊಲ್ಲಿಯ ನೀರೂ
ಒಟ್ಟಿಗೇ ಹೆಪ್ಪುಗಟ್ಟುತ್ತವೆ.

ನೆಲಮಾಳಿಗೆಯಲ್ಲಿ, ಫರ್ನೇಸಿನ ಪಕ್ಕ,
ನನ್ನ ಇಸ್ತ್ರಿ ಮೇಜು ಅವನ ಪಾಲಾಯಿತು.
ಮೊದಲ ದಿನವೇ ಚಾಸಿಯನ್ನು ನಡುವಿಗೆ ಕತ್ತರಿಸಿ
ಎರಡು ಬೆರಳು ಉದ್ದ ಮಾಡಿದ.
ಸೀಟಿನ ಹಿಂದೆ ಮಲಗುವ ಗೂಡು,
ಒಬ್ಬನೇ ಮಲಗುವಂಥದು, ಒಬ್ಬನೇ ಮಲಗಿದ್ದಂಥದು,
ಅದನ್ನು ಚಾಕುವಿನಲ್ಲಿ ಗೀರಿ, ಲಟಕ್ಕನೆ ಮುರಿದು,
ಕಸದ ಬುಟ್ಟಿಗೆ ಎಸೆದ. ತಿರುಗಿ ನೋಡಲಿಲ್ಲ.
ನಾನು ನೋಡಿದೆ.

ಆಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆಯ ಗೋಡೆ.
ಕಿಟಕಿಗೆ ಬಿಸ್ಕತ್ತಿನ ಪೊಟ್ಟಣದ ಮುಚ್ಚಳ.
ಪರದೆಗೆ ನನ್ನ ಕರವಸ್ತ್ರದ ಅಂಚು, ಕೇಳಲಿಲ್ಲ.
ಒಲೆಯ ಉರಿಗೆ ಅಂಗಿಯ ಎರಡು ಗುಂಡಿ,
ಹೊಗೆಕೊಳವೆಗೆ ಖಾಲಿ ರೀಫಿಲ್ಲು,
ನೆಲಕ್ಕೆ ಸೀಳಿದ ಐಸ್‌ಕ್ರೀಮ್ ಕಡ್ಡಿ.
ಹೋದ ಬೇಸಿಗೆ ಅಷ್ಟೊಂದು ತಿಂದದ್ದು ಇದಕ್ಕೋ!

ಅಂಟಿನ ವಾಸನೆ ಮೆಟ್ಟಿಲು ಹತ್ತಿ ಬಂದು
ಸೂಪಿನ ಪಾತ್ರೆಯ ಹತ್ತಿರ ನಿಲ್ಲುತ್ತಿತ್ತು
ಕರೆಯದೆ ಬಂದ ನೆಂಟನ ಹಾಗೆ.
ಪಕ್ಕದ ಮನೆಯ ಡ್ವೇನ್ ಬಂದು ಮೂತಿ ಎತ್ತಿ ನೋಡಿದ,
ಎಂಜಿನ್ನಿಗೆ ದಾರದಷ್ಟು ತೆಳ್ಳಗಿನ ವೈರು ಕೂಡ ಇದೆ.
"ಎಲ್ಲಿಗೆ ಸವಾರಿ?" ಎಂದು ನಕ್ಕ.
ತೈಸ್ತೊ ಬಹಳ ಹೊತ್ತು ಯೋಚಿಸಿದ,
ಕೇಳಿದವನು ಹೊರಟುಹೋಗುವಷ್ಟು ಹೊತ್ತು.

ಫೆಬ್ರವರಿಯ ಒಂದು ರಾತ್ರಿ, ಹೊರಗೆ ಮೈನಸ್ ಮೂವತ್ತನಾಲ್ಕು,
ನನ್ನನ್ನು ಕೆಳಗೆ ಕರೆದ. ಕರೆದದ್ದೇ ಸುದ್ದಿ.
"ಚಾವಣಿ ಅಂಟಿಸುವ ಮೊದಲು ಒಮ್ಮೆ ನೋಡಿಬಿಡು."
ಭೂತಗನ್ನಡಿ ಹಿಡಿದು ಆ ಮನೆಯೊಳಗೆ
ಮೇಲಿನಿಂದ ಇಳಿದೆ, ದೇವರು ಇಳಿದಂತೆ,
ಮಂಡಿನೋವಿನ ದೇವರು.

ಇಬ್ಬರ ಹಾಸಿಗೆ.
ಹೆಬ್ಬೆರಳಿನ ಉಗುರಿನಷ್ಟು ಎರಡು ದಿಂಬು.
ಹಿಂದಿನ ಮೂಲೆಯಲ್ಲಿ, ನಗಬೇಡಿ, ಒಂದು ಸೌನಾ:
ಒಂದು ಬೆಂಚು, ಒಂದು ಚಿಟಿಕೆ ಮರಳುಕಲ್ಲು.
ಆಮೇಲೆ ಅಡುಗೆಕಟ್ಟೆ.
ಸಿಂಕು ಎಡಗೋಡೆಗೆ ಒತ್ತಿಕೊಂಡು,
ನಮ್ಮ ಮನೆಯಲ್ಲಿರುವ ಹಾಗೇ.

"ಸಿಂಕು ತಪ್ಪು ಪಕ್ಕದಲ್ಲಿದೆ."
ಅವನು ನಕ್ಷೆ ನೋಡಿದ. "ಅಳತೆ ಸರಿಯಿದೆ."
"ಅಳತೆ ಸರಿ. ನಾನು ಎಡಚಿ."

ನಲವತ್ತಮೂರು ವರ್ಷ.
ಮೇಲಿನ ಕಟ್ಟೆ ಕಟ್ಟಿದವನೂ ಅವನೇ, ಮದುವೆಯಾದ ವರ್ಷ,
ಎರಡು ಲೋಡುಗಳ ನಡುವೆ ಸಿಕ್ಕ ನಾಲ್ಕು ದಿನದಲ್ಲಿ,
ಕಣ್ಣು ಕೆಂಪಗೆ ಮಾಡಿಕೊಂಡು.
ಅಂಥವನಿಗೆ ಹೇಗೆ ಹೇಳುವುದು?
ಒಂದೊಂದು ತಟ್ಟೆ ಉಜ್ಜುವಾಗಲೂ
ನನ್ನ ಎಡಮೊಣಕೈ ಗೋಡೆಗೆ ತಾಗುತ್ತಿತ್ತು.
ಅಲ್ಲಿ ಬಣ್ಣ ಸವೆದಿದೆ, ಕಾಸಿನಗಲ.
ಎರಡು ಸಲ ಅವನೇ ಹಚ್ಚಿ ಸರಿಮಾಡಿದ್ದಾನೆ,
ಯಾಕೆ ಸವೆಯಿತೆಂದು ಕೇಳದೆ.
"ಹೆಲ್ವಿಯ ಕೈ ಜಾರುತ್ತದೆ" ಎನ್ನುತ್ತಿದ್ದರು ಅವನ ತಾಯಿ,
ಒಡೆದ ಲೋಟಗಳನ್ನು ಎಣಿಸಿ.

ಫರ್ನೇಸು ಗುರ್ರೆಂದು ಹೊತ್ತಿಕೊಂಡಿತು.
ಅವನು ಏನೂ ಅನ್ನಲಿಲ್ಲ, ಚಾಕು ತೆಗೆದುಕೊಂಡ.
ಮೂರು ವಾರ ಒಣಗಿದ ಅಂಟು
ಸುಮ್ಮನೆ ಬಿಡುತ್ತದೆಯೇ? ಗೋಡೆಯೂ ಕಿತ್ತು ಬಂತು.
ಒಲೆಯ ಒಂದು ಗುಂಡಿ ಉರುಳಿ
ಫರ್ನೇಸಿನ ಅಡಿಗೆ ಹೋಯಿತು, ಇವತ್ತಿಗೂ ಅಲ್ಲೇ ಇದೆ.

ಬೆಳಿಗ್ಗೆ ನಾನು ಎದ್ದು ಬಂದಾಗ
ಅಡುಗೆಮನೆಯಲ್ಲಿ ಕಾಲುಚೀಲದಲ್ಲೇ ನಿಂತಿದ್ದ,
ಆ ಸವೆದ ಜಾಗದ ಮೇಲೆ ಬೆರಳಿಟ್ಟು.
ಇನ್ನೊಂದು ಕೈಯಲ್ಲಿ ಟೇಪು. ನೀರಿನ ಪೈಪು ಎಣಿಸುತ್ತ
ಏನನ್ನೋ ಇಪ್ಪತ್ತೈದರಿಂದ ಗುಣಿಸುತ್ತಿದ್ದ.
"ಮೊದಲು ಚಿಕ್ಕದು ಮುಗಿಸು" ಎಂದೆ.

ಚಿಕ್ಕದರ ಸಿಂಕು ಈಗ ಬಲಕ್ಕಿದೆ.
ಚಾವಣಿ ಮಾತ್ರ ಇನ್ನೂ ಅಂಟಿಸಿಲ್ಲ.
ದಿನವೂ ರಾತ್ರಿ ಊಟವಾದ ಮೇಲೆ
ಭೂತಗನ್ನಡಿ ಒರೆಸಿ ನನ್ನ ಕಡೆ ಇಡುತ್ತಾನೆ,
ಇನ್ನೇನು ಹೇಳುತ್ತಾಳೋ ಎಂದು.